ದಮ್ಮಿನ ಮಾತ್ರೆ, ಬಿಟ್ಟ ಬೀಡಿ, ಎರಿತ್ರೋಮೈಸಿನ್: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ರೋಗಿ 68 ವರ್ಷದ ಅಡಿಕೆ ಬೆಳೆಗಾರರು. ತೀರ್ಥಹಳ್ಳಿ ತಾಲ್ಲೂಕಿನವರು. ತೂಕ 54 ಕಿಲೋ. ಹಲವು ವರ್ಷಗಳಿಂದ ದಮ್ಮು ಇದೆ, ಅದಕ್ಕಿಂತ ಹಳೆಯದು ಬೀಡಿ. ಜುಲೈ ತಿಂಗಳ ಒಂದು ಬುಧವಾರ ಬೆಳಿಗ್ಗೆ ಮಗ ಮತ್ತು ಸೊಸೆ ಅವರನ್ನು ಶಿವಮೊಗ್ಗಕ್ಕೆ ಕರೆತಂದರು. ಎರಡು ದಿನದಿಂದ ವಾಂತಿ, ಕೈ ನಡುಕ, ಎದೆ ಡವಡವ. ಹಿಂದಿನ ರಾತ್ರಿ ಒಂದು ಗಳಿಗೆಯೂ ನಿದ್ದೆ ಇಲ್ಲ. ಗುರುತು ಸಿಗಬಾರದು ಎಂದು ಹೆಸರು, ಊರು ಬಿಟ್ಟಿದ್ದೇನೆ. ಇಲ್ಲಿ ಅವರನ್ನು ಗೌಡ್ರು ಎಂದೇ ಕರೆಯುತ್ತೇನೆ.

ಈ ಪ್ರಕರಣದಲ್ಲಿ ಯಾರೂ ದೊಡ್ಡ ತಪ್ಪು ಮಾಡಿಲ್ಲ. ಒಂದೊಂದಾಗಿ ನೋಡಿದರೆ ಪ್ರತಿಯೊಂದು ಹೆಜ್ಜೆಯೂ ಸರಿಯೇ. ಆದರೂ ಒಬ್ಬ ಮನುಷ್ಯನ ಹೃದಯ ನಿಮಿಷಕ್ಕೆ 132 ಸಲ ಹೊಡೆದುಕೊಳ್ಳುವ ಸ್ಥಿತಿಗೆ ಬಂತು. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು.

ಜ್ವರದಿಂದ ಆಸ್ಪತ್ರೆಯವರೆಗೆ

ಜುಲೈ ಅಂದರೆ ಮಲೆನಾಡಿನಲ್ಲಿ ಕೊಳೆರೋಗದ ಭಯ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಅಡಿಕೆ ಕೊನೆಗಳಿಗೆ ಬೋರ್ಡೋ ಹೊಡೆಸಬೇಕು. ಗೌಡ್ರು ಮರ ಹತ್ತುವುದಿಲ್ಲ. ಆದರೆ ಸುಣ್ಣ, ಮೈಲುತುತ್ತ ಕಲಸಿ ಕೊಡುವುದು, ಪೈಪ್ ಎಳೆಯುವುದು ಅವರದೇ ಕೆಲಸ. ಇಡೀ ದಿನ ತೋಟದಲ್ಲಿ ನೆನೆದಿದ್ದಾರೆ. ಮುಂದಿನ ಸೋಮವಾರ ಜ್ವರ ಬಂತು. ಜೊತೆಗೆ ಕೆಮ್ಮು, ಹಳದಿ ಕಫ. ಕೆಮ್ಮು ಜೋರಾದ್ದರಿಂದ ಅವತ್ತೇ ಬೀಡಿ ಬಿಟ್ಟರು.

ಗುರುವಾರ ಹತ್ತಿರದ ವೈದ್ಯರಿಗೆ ತೋರಿಸಿದರು. ಎದೆಯ ಎಡಗಡೆ ಕೆಳಭಾಗದಲ್ಲಿ ಕಫದ ಸದ್ದು ಇತ್ತು. ಯುವಕರಾಗಿದ್ದಾಗ ಪೆನಿಸಿಲಿನ್ ಇಂಜೆಕ್ಷನ್‌ನಿಂದ ಮೈಯೆಲ್ಲ ದದ್ದು ಎದ್ದಿತ್ತು ಎಂದು ಗೌಡ್ರೇ ಹೇಳಿದರು. ಹಾಗಾಗಿ ಅದೇ ಗುಂಪಿನ ಅಮಾಕ್ಸಿಸಿಲಿನ್ ಕೊಡುವ ಹಾಗಿಲ್ಲ. ವೈದ್ಯರು ಎರಿತ್ರೋಮೈಸಿನ್ ಸ್ಟಿಯರೇಟ್ ಎಂಬ ಆಂಟಿಬಯೋಟಿಕ್ 500 ಮಿಲಿಗ್ರಾಂ ಬರೆದರು, ದಿನಕ್ಕೆ ನಾಲ್ಕು ಸಲ, ಏಳು ದಿನ.

ಭಾನುವಾರದ ಹೊತ್ತಿಗೆ ಜ್ವರ ಇಳಿಯಿತು. ಕಫ ತಿಳಿಯಾಯಿತು. ಮನೆಯವರಿಗೆ ಸಮಾಧಾನ. ಸೋಮವಾರ ಸಂಜೆ ಹೊಟ್ಟೆ ತೊಳಸಲು ಶುರುವಾಯಿತು, ರಾತ್ರಿ ವಾಂತಿ. ಮಗ ಮೆಡಿಕಲ್ ಶಾಪ್‌ನಲ್ಲಿ ವಿಚಾರಿಸಿದಾಗ, ಈ ಮಾತ್ರೆ ಹೊಟ್ಟೆಗೆ ಸ್ವಲ್ಪ ತೊಂದರೆ ಕೊಡುತ್ತದೆ, ಏನಾದರೂ ತಿಂದು ತಗೊಳ್ಳಲಿ ಎಂಬ ಉತ್ತರ ಬಂತು. ಆ ಮಾತು ಸುಳ್ಳಲ್ಲ. ಮಂಗಳವಾರ ಕೈ ಎಷ್ಟು ನಡುಗುತ್ತಿತ್ತು ಅಂದರೆ ಲೋಟದ ಕಾಫಿ ತುಳುಕುತ್ತಿತ್ತು. ರಾತ್ರಿ ಎದ್ದು ಕೂತೇ ಕಳೆದರು.

ನೋಡಿದಾಗ ಕಂಡದ್ದು

ನಾಡಿ 132. ರಕ್ತದೊತ್ತಡ 110/60. ಜ್ವರ ಇಲ್ಲ. ಆಮ್ಲಜನಕ ಶೇಕಡಾ 94. ಎದೆಯಲ್ಲಿ ಸ್ವಲ್ಪ ಸುಂಯ್ ಸದ್ದು. ಎರಡೂ ಕೈ ಮುಂದೆ ಚಾಚಿದರೆ ಬೆರಳುಗಳಲ್ಲಿ ಸಣ್ಣ, ವೇಗದ ನಡುಕ. ಮಾತು ಸರಿಯಾಗಿದೆ, ಆದರೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಮಳೆಗಾಲದಲ್ಲಿ ತೋಟದಿಂದ ಬಂದವರಿಗೆ ವಾಂತಿ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಇಲಿ ಜ್ವರ, ಡೆಂಗ್ಯೂ, ಸ್ಕ್ರಬ್ ಟೈಫಸ್. ಮಂಗನ ಕಾಯಿಲೆ ಸಾಮಾನ್ಯವಾಗಿ ಬೇಸಿಗೆ ಕಡೆಯದು, ಜುಲೈಗೆ ಹೊಂದುವುದಿಲ್ಲ. ಆದರೂ ಮಗನ ಮನಸ್ಸಿನಲ್ಲಿ ಅದೇ ಭಯ ಇತ್ತು. ರಕ್ತ ಪರೀಕ್ಷೆಗೆ ಕಳಿಸಿದೆವು. ಪ್ಲೇಟ್‌ಲೆಟ್, ಲಿವರ್, ಕಿಡ್ನಿ ಎಲ್ಲ ಸರಿಯಾಗಿದ್ದವು. ಜ್ವರ ಇಳಿದ ಮರುದಿನ ಈ ಲಕ್ಷಣ ಶುರುವಾಗಿದೆ ಅನ್ನುವುದೂ ಹೊಸ ಸೋಂಕಿನ ಕಡೆ ಬೆರಳು ತೋರಿಸುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಎಡಗಡೆ ಕೆಳಗೆ ಮಸುಕಾದ ಕಲೆ ಇತ್ತು, ವಾಸಿಯಾಗುತ್ತಿರುವ ನ್ಯುಮೋನಿಯಾಗೆ ಸರಿಹೊಂದುವಂಥದ್ದು. ಅಂದರೆ ಎರಿತ್ರೋಮೈಸಿನ್ ತನ್ನ ಕೆಲಸ ಮಾಡಿತ್ತು.

ಗಾಬರಿ ಹುಟ್ಟಿಸಿದ್ದು ಎರಡು ಸಂಗತಿ. ಪೊಟ್ಯಾಸಿಯಂ 2.9ಕ್ಕೆ ಇಳಿದಿತ್ತು, 3.5ಕ್ಕಿಂತ ಮೇಲೆ ಇರಬೇಕು. ಇಸಿಜಿಯಲ್ಲಿ ಹೃದಯ ಬರೀ ವೇಗವಾಗಿ ಓಡುತ್ತಿದ್ದುದಲ್ಲ, ನಡುನಡುವೆ ತಾಳ ತಪ್ಪಿದ ಬಡಿತಗಳೂ ಇದ್ದವು. ಒಮ್ಮೆ ಬಡಿದ ಹೃದಯ ಮುಂದಿನ ಬಡಿತಕ್ಕೆ ಅಣಿಯಾಗುವ ಹೊತ್ತನ್ನು ಕ್ಯೂಟಿ ಅನ್ನುತ್ತೇವೆ. ಅದೂ ಸ್ವಲ್ಪ ಉದ್ದವಾಗಿತ್ತು.

ವಾಂತಿಗೆ ಎರಿತ್ರೋಮೈಸಿನ್ ಕಾರಣ ಅನ್ನಬಹುದು. ಆದರೆ ನಡುಕಕ್ಕೆ? ನಿದ್ದೆಗೇಡಿಗೆ? ಎರಿತ್ರೋಮೈಸಿನ್ ಕೈ ನಡುಗಿಸುವುದಿಲ್ಲ. ಇನ್ನೊಂದು ವಿಷಯ ಹೊತ್ತಿನದು. ಈ ಔಷಧಿಯಿಂದ ಹೊಟ್ಟೆ ಕೆಡುವುದಿದ್ದರೆ ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಕೆಡುತ್ತದೆ. ನಾಲ್ಕು ದಿನ ಚೆನ್ನಾಗಿ ಒಗ್ಗಿದ ಮಾತ್ರೆ ಐದನೇ ದಿನ ಯಾಕೆ ತಿರುಗಿ ಬೀಳಬೇಕು?

"ಗೌಡ್ರೇ, ದಿನಾ ಏನಾದ್ರೂ ಮಾತ್ರೆ ತಗೊಳ್ತೀರಾ?" ಎಂದು ಕೇಳಿದೆ.

"ಇಲ್ಲ ಡಾಕ್ಟ್ರೇ. ನಂಗೆ ಬಿಪಿ ಇಲ್ಲ, ಶುಗರ್ ಇಲ್ಲ."

ಹಿಂದೆ ನಿಂತಿದ್ದ ಸೊಸೆ ತಡೆದರು. "ಮಾವಂಗೆ ದಮ್ಮಿನ ಮಾತ್ರೆ ಇದೆಯಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು."

"ಅದು ಯಾವಾಗ್ಲೂ ತಗೊಳ್ಳೋದೇ ಅಲ್ವಾ" ಎಂದರು ಗೌಡ್ರು.

ಸೊಸೆ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಂದಿದ್ದರು. ಅದರಲ್ಲಿ ಥಿಯೋಫಿಲಿನ್ ಇತ್ತು. ನಿಧಾನವಾಗಿ ಬಿಡುಗಡೆಯಾಗುವ 300 ಮಿಲಿಗ್ರಾಂ ಮಾತ್ರೆ, ದಿನಕ್ಕೆರಡು. ವರ್ಷಗಳ ಹಿಂದೆ ಬರೆಸಿದ ಚೀಟಿ, ಅದೇ ಚೀಟಿಗೆ ಪ್ರತಿ ತಿಂಗಳು ಮಾತ್ರೆ. ಆ ಕವರ್ ತಂದದ್ದಕ್ಕೆ ಆ ಹೆಣ್ಣುಮಗಳಿಗೆ ನಾನು ಇವತ್ತಿಗೂ ಕೃತಜ್ಞ. ಅರ್ಧ ರೋಗ ಅಲ್ಲೇ ಪತ್ತೆಯಾಯಿತು.

ಆಮೇಲೆ ಬೀಡಿಯ ಬಗ್ಗೆ ಕೇಳಿದೆ. "ಜ್ವರ ಬಂದ ದಿನದಿಂದ ಮುಟ್ಟಿಲ್ಲ" ಎಂದರು. ಅವರ ಮುಖದಲ್ಲಿ ಹೆಮ್ಮೆ ಇತ್ತು, ಇರಬೇಕಾದದ್ದೇ. "ಅಪ್ಪಯ್ಯ ಇಷ್ಟು ವರ್ಷದಲ್ಲಿ ಮೊದಲ ಸಲ ಬಿಟ್ಟಿದ್ದು" ಎಂದ ಮಗ.

ಏನಾಗಿತ್ತು

ಥಿಯೋಫಿಲಿನ್ ಶ್ವಾಸನಾಳ ಸಡಿಲಿಸುವ ಹಳೆಯ ಔಷಧಿ. ರಾಸಾಯನಿಕವಾಗಿ ಕಾಫಿಯ ಕೆಫೀನ್‌ಗೆ ತೀರಾ ಹತ್ತಿರದ್ದು. ಇದರ ದೊಡ್ಡ ತೊಂದರೆ ಅಂದರೆ ಉಪಯೋಗಕ್ಕೂ ಅಪಾಯಕ್ಕೂ ನಡುವೆ ಜಾಗ ಕಡಿಮೆ. ರಕ್ತದಲ್ಲಿ ಪ್ರತಿ ಮಿಲಿಲೀಟರ್‌ಗೆ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಕೆಲಸ ಮಾಡುತ್ತದೆ. 20 ದಾಟಿದರೆ ವಾಂತಿ, ನಡುಕ, ನಿದ್ದೆಗೇಡು, ಎದೆ ಬಡಿತ. ಇನ್ನೂ ಮೇಲೆ ಹೋದರೆ ಹೃದಯದ ಲಯ ಕೆಡುತ್ತದೆ, ಫಿಟ್ಸ್ ಬರುತ್ತದೆ. ಪೊಟ್ಯಾಸಿಯಂ ಇಳಿಯುವುದೂ ಇದರದ್ದೇ ಗುಣ.

ಈ ಔಷಧಿಯನ್ನು ಒಡೆದು ಹೊರಗೆ ಹಾಕುವುದು ಲಿವರ್. ಮುಖ್ಯ ಕೆಲಸ ಸಿವೈಪಿ 1ಎ2 ಎಂಬ ಕಿಣ್ವದ್ದು. ಸಿವೈಪಿ 3ಎ4 ಎಂಬ ಇನ್ನೊಂದು ಕಿಣ್ವವೂ ಪಾಲು ತೆಗೆದುಕೊಳ್ಳುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕೆಲವು ಹೈಡ್ರೋಕಾರ್ಬನ್‌ಗಳು 1ಎ2 ಕಿಣ್ವವನ್ನು ಹೆಚ್ಚಿಸುತ್ತವೆ. ಇದನ್ನು ಮಾಡುವುದು ನಿಕೋಟಿನ್ ಅಲ್ಲ, ಹೊಗೆ. ಹಾಗಾಗಿ ಸೇದುವವರ ಮೈಯಲ್ಲಿ ಥಿಯೋಫಿಲಿನ್ ಬೇಗ ಖಾಲಿಯಾಗುತ್ತದೆ, ಅವರಿಗೆ ಜಾಸ್ತಿ ಡೋಸ್ ಬೇಕಾಗುತ್ತದೆ. 60 ದಾಟಿದವರಿಗೆ ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ ಮೀರಬಾರದು ಅನ್ನುತ್ತಾರೆ. ಗೌಡ್ರು 600 ತಗೊಳ್ಳುತ್ತಿದ್ದರು, ಏನೂ ಆಗಿರಲಿಲ್ಲ. ಆ ಡೋಸ್ ಬೀಡಿ ಸೇದುವ ಗೌಡ್ರಿಗೆ ಹೊಂದಿತ್ತು.

ಬೀಡಿ ನಿಂತಿತು. ಸೇದುವುದು ನಿಂತ ಒಂದು ವಾರದಲ್ಲಿ ಥಿಯೋಫಿಲಿನ್ ಹೊರಹೋಗುವ ವೇಗ ಸುಮಾರು ಶೇಕಡಾ 40 ಇಳಿಯುತ್ತದೆ. ಮೊದಲ ದಿನಗಳ ಜೋರು ಜ್ವರವೂ ಅದನ್ನು ನಿಧಾನ ಮಾಡುತ್ತದೆ. ಇದರ ಮೇಲೆ ಎರಿತ್ರೋಮೈಸಿನ್ ಬಂತು. ಅದು 3ಎ4 ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಹೇಗೆ ಅನ್ನುವುದು ಸ್ವಾರಸ್ಯದ ಸಂಗತಿ. ಎರಿತ್ರೋಮೈಸಿನ್ ಅನ್ನು ಒಡೆಯಲು ಹೋಗುವುದೂ ಇದೇ ಕಿಣ್ವ. ಒಡೆದಾಗ ಹುಟ್ಟುವ ಒಂದು ತುಣುಕು ಕಿಣ್ವದ ನಡುವಿನ ಕಬ್ಬಿಣಕ್ಕೆ ಅಂಟಿಕೊಂಡು ಬಿಡುತ್ತದೆ. ಪ್ರತಿ ಡೋಸ್‌ಗೂ ಇನ್ನಷ್ಟು ಕಿಣ್ವ ಹೀಗೆ ಕೈಬಿಡುತ್ತದೆ. ಅದಕ್ಕೇ ಈ ಪರಿಣಾಮ ಮೊದಲ ದಿನ ಕಾಣುವುದಿಲ್ಲ, ಕೆಲವು ದಿನ ಕಳೆದ ಮೇಲೆ ಕಾಣುತ್ತದೆ. ಐದನೇ ದಿನದ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಹೀಗೆ ಥಿಯೋಫಿಲಿನ್ ಮಟ್ಟ ಸರಾಸರಿ ಶೇಕಡಾ 35ರಷ್ಟು ಏರುತ್ತದೆ.

ಕೆರೆಗೆ ಬರುವ ನೀರು ಮೊದಲಿನಷ್ಟೇ ಇತ್ತು. ಒಂದೇ ವಾರದಲ್ಲಿ ಎರಡು ತೂಬು ಅರ್ಧ ಮುಚ್ಚಿದವು.

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಜ್ವರಕ್ಕೆ ಮೊದಲು ಮಟ್ಟ 12 ಇತ್ತು ಅಂದುಕೊಳ್ಳಿ. ಹೊರಹೋಗುವುದು ಶೇಕಡಾ 40 ಕಡಿಮೆಯಾದರೆ ಅದು 20 ಆಗುತ್ತದೆ. ಅದರ ಮೇಲೆ ಶೇಕಡಾ 35 ಸೇರಿದರೆ 27. ಬೀಡಿ ಬಿಟ್ಟದ್ದೊಂದೇ ಆಗಿದ್ದರೆ ಗೌಡ್ರು ಅಂಚಿನಲ್ಲಿ ನಿಲ್ಲುತ್ತಿದ್ದರು. ಎರಿತ್ರೋಮೈಸಿನ್ ಒಂದೇ ಆಗಿದ್ದರೆ 16ರ ಆಸುಪಾಸು, ಏನೂ ಗೊತ್ತಾಗುತ್ತಿರಲಿಲ್ಲ. ಎರಡೂ ಸೇರಿದ್ದೇ ತೊಂದರೆ. ಥಿಯೋಫಿಲಿನ್ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದೆವು. ಎರಡು ದಿನದ ಮೇಲೆ ಬಂದ ವರದಿಯಲ್ಲಿ 26 ಅಂತ ಇತ್ತು.

ಕೆಮ್ಮಿಗೆ ಒಳ್ಳೆಯದೆಂದು ಶುಂಠಿ ಹಾಕಿದ ಕಪ್ಪು ಕಾಫಿ ದಿನಕ್ಕೆ ನಾಲ್ಕೈದು ಸಲ ಕುಡಿದಿದ್ದರು. ಕೆಫೀನ್ ಅನ್ನು ಒಡೆಯುವುದೂ ಅದೇ 1ಎ2. ಎಷ್ಟು ಪಾಲು ಅದರದ್ದು ಅಂತ ಬಿಡಿಸಿ ಹೇಳಲಾಗದು, ಆದರೆ ನಡುಕಕ್ಕೆ ಅದು ಸಹಾಯವಂತೂ ಮಾಡಿಲ್ಲ.

ಚಿಕಿತ್ಸೆ

ವರದಿಗೆ ಕಾಯದೆ ಎರಡೂ ಮಾತ್ರೆ ನಿಲ್ಲಿಸಿದೆವು. ಪೊಟ್ಯಾಸಿಯಂ ಡ್ರಿಪ್ ಹಾಕಿ, ಮೆಗ್ನೀಸಿಯಂ ಸೇರಿಸಿ, ಹೃದಯದ ಮಾನಿಟರ್‌ಗೆ ಜೋಡಿಸಿದೆವು. ವಾಂತಿ ಹತೋಟಿಗೆ ಬಂದ ಮೇಲೆ ಔಷಧಿ ರೂಪದ ಇದ್ದಿಲ ಪುಡಿಯನ್ನು ನೀರಲ್ಲಿ ಕಲಸಿ ಹಲವು ಸಲ ಕುಡಿಸಿದೆವು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಕರುಳಲ್ಲಿ ಇನ್ನೂ ಇರಬಹುದು, ಅದನ್ನು ಇದ್ದಿಲು ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಆಗಲೇ ಸೇರಿದ ಥಿಯೋಫಿಲಿನ್ ಅನ್ನೂ ಕರುಳಿನ ಮೂಲಕ ಎಳೆದು ತೆಗೆಯುತ್ತದೆ.

ಇಂಥ ರೋಗಿಯಲ್ಲಿ ರೂಢಿಯ ಔಷಧಿಗಳು ಒಂದೊಂದೂ ಯೋಚನೆಗೆ ಹಚ್ಚುತ್ತವೆ. ವಾಂತಿಗೆ ಎಲ್ಲರೂ ಕೊಡುವ ಒಂಡಾನ್ಸೆಟ್ರಾನ್ ಕ್ಯೂಟಿಯನ್ನು ಇನ್ನೂ ಉದ್ದ ಮಾಡಬಹುದು. ಎರಿತ್ರೋಮೈಸಿನ್ ಆಗಲೇ ಆ ಕೆಲಸ ಮಾಡಿದೆ, ಮೇಲೆ ಪೊಟ್ಯಾಸಿಯಂ ಕಡಿಮೆ. ಅದಕ್ಕೆ ಮೆಟೊಕ್ಲೋಪ್ರಮೈಡ್ ಸಣ್ಣ ಡೋಸ್‌ನಲ್ಲಿ ಕೊಟ್ಟೆವು. ದಮ್ಮಿಗೆ ಸಾಲ್ಬುಟಮಾಲ್ ಕೊಟ್ಟರೆ ನಾಡಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಇಪ್ರಾಟ್ರೋಪಿಯಂ ಆವಿ ಕೊಟ್ಟೆವು. ನಾಡಿ ಇಳಿಸುವ ಬೀಟಾ ಬ್ಲಾಕರ್ ದಮ್ಮಿನವರಿಗೆ ಅಪಾಯ. ನ್ಯುಮೋನಿಯಾ ವಾಸಿಯ ದಾರಿಯಲ್ಲಿದ್ದರಿಂದ ಬೇರೆ ಆಂಟಿಬಯೋಟಿಕ್ ಶುರು ಮಾಡಲಿಲ್ಲ.

ಮರುದಿನ ಸಂಜೆಗೆ ನಾಡಿ 96. ಮೂರನೇ ದಿನ ಗಂಜಿ, ಮಿಡಿ ಉಪ್ಪಿನಕಾಯಿ ಕೇಳಿದರು. ಐದನೇ ದಿನ ಮನೆಗೆ ಹೋದರು.

ಎರಿತ್ರೋಮೈಸಿನ್ ಬರೆದದ್ದು ತಪ್ಪೇ?

ಅಲ್ಲ. ಈ ಪ್ರಕರಣ ಕೇಳಿದ ಕೆಲವರು "ಆ ಹಳೇ ಮಾತ್ರೆ ಈಗಲೂ ಯಾಕೆ ಕೊಡ್ತಾರೆ" ಅಂದರು. ಆ ಮಾತು ನನಗೆ ಒಪ್ಪಿಗೆಯಿಲ್ಲ.

1949ರಲ್ಲಿ ಫಿಲಿಪ್ಪೀನ್ಸ್‌ನ ಇಲೊಯ್ಲೊ ಪ್ರಾಂತ್ಯದ ವೈದ್ಯ ಅಬೆಲಾರ್ಡೊ ಅಗಿಲಾರ್ ಅಲ್ಲಿನ ಮಣ್ಣಿನ ಮಾದರಿಯನ್ನು ಅಮೆರಿಕದ ಎಲಿ ಲಿಲ್ಲಿ ಕಂಪನಿಗೆ ಕಳಿಸಿದರು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದದ್ದೇ ಎರಿತ್ರೋಮೈಸಿನ್. 1952ರಲ್ಲಿ ಮಾರುಕಟ್ಟೆಗೆ ಬಂತು. ಬ್ಯಾಕ್ಟೀರಿಯಾದ ಒಳಗೆ ಪ್ರೋಟೀನ್ ತಯಾರಾಗುವ ರೈಬೋಸೋಮ್‌ನಲ್ಲಿ ಹೊಸ ಪ್ರೋಟೀನ್ ಹೊರಬರುವ ದಾರಿಗೆ ಅಡ್ಡ ಕೂರುವುದು ಇದರ ಕೆಲಸ. ಪೆನಿಸಿಲಿನ್ ಆಗದವರಿಗೆ ಇದು ದೊಡ್ಡ ಆಸರೆಯಾಯಿತು. ಕೋಶದ ಗೋಡೆಯೇ ಇಲ್ಲದ ಮೈಕೋಪ್ಲಾಸ್ಮಾದಂಥ ಜೀವಿಗೆ ಪೆನಿಸಿಲಿನ್ ನಾಟುವುದಿಲ್ಲ, ಇದು ನಾಟುತ್ತದೆ. ಗೌಡ್ರಿಗೆ ಪೆನಿಸಿಲಿನ್ ಅಲರ್ಜಿ, ಎದೆಯಲ್ಲಿ ನ್ಯುಮೋನಿಯಾ. ಆ ವೈದ್ಯರ ಆಯ್ಕೆಗೆ ಗಟ್ಟಿ ಕಾರಣ ಇತ್ತು.

ಹೊಟ್ಟೆಯ ತೊಂದರೆ ಇದರ ಹುಟ್ಟುಗುಣ. ಹೊಟ್ಟೆ, ಕರುಳನ್ನು ಹಿಂಡಿ ಮುಂದೆ ತಳ್ಳುವ ಮೋಟಿಲಿನ್ ಎಂಬ ಹಾರ್ಮೋನ್ ನಮ್ಮಲ್ಲಿದೆ. ಎರಿತ್ರೋಮೈಸಿನ್ ಅದರ ಜಾಗದಲ್ಲೇ ಹೋಗಿ ಕೂರುತ್ತದೆ. ನುಲಿತ, ವಾಂತಿ ಬರುವುದು ಅದರಿಂದ. ಆದರೆ ಇದೇ ಗುಣವನ್ನು ವೈದ್ಯರು ಬೇಕೆಂದೇ ಬಳಸುತ್ತಾರೆ. ರಕ್ತ ವಾಂತಿಯಾಗಿ ಬಂದವರಿಗೆ ಎಂಡೋಸ್ಕೋಪಿ ಮಾಡುವ ಮೊದಲು 250 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟರೆ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದ ರಕ್ತ ಮುಂದೆ ಸರಿದು, ಸೋರುವ ಜಾಗ ಕಾಣುತ್ತದೆ. ಹಳೆಯ ಸಕ್ಕರೆ ಕಾಯಿಲೆಯಿಂದ ಹೊಟ್ಟೆಯ ಚಲನೆ ನಿಂತವರಿಗೂ ಕೆಲವು ದಿನಕ್ಕೆ ಕೊಡುತ್ತಾರೆ.

ಇನ್ನೊಂದು ಜಾಗದಲ್ಲಿ ಇದನ್ನು ಯಾರೂ ಹಳೇ ಮಾತ್ರೆ ಅನ್ನುವ ಹಾಗಿಲ್ಲ. ದಿನ ತುಂಬುವ ಮೊದಲೇ ನೀರು ಒಡೆದು, ಹೆರಿಗೆ ನೋವು ಬಾರದ ಗರ್ಭಿಣಿಯರಿಗೆ ಎರಿತ್ರೋಮೈಸಿನ್ 250 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, 10 ದಿನ ಕೊಡುತ್ತಾರೆ. 2001ರಲ್ಲಿ ಪ್ರಕಟವಾದ ಆರಕಲ್ ಅಧ್ಯಯನದಲ್ಲಿ 4,800ಕ್ಕೂ ಹೆಚ್ಚು ತಾಯಂದಿರಿದ್ದರು. ಅದರಲ್ಲಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲದ ಜೋಡಿ ಮಾತ್ರೆ ಪಡೆದ ತಾಯಂದಿರ ಕೂಸುಗಳಲ್ಲಿ ಕರುಳು ಕೊಳೆಯುವ ತೊಂದರೆ ಹೆಚ್ಚಾಗಿ ಕಂಡಿತು. ಎರಿತ್ರೋಮೈಸಿನ್‌ನಲ್ಲಿ ಅದು ಕಾಣಲಿಲ್ಲ. ಹೊಸನಗರದ ಒಳಗಿನ ಹಳ್ಳಿಯಿಂದ ರಾತ್ರಿ ಹೊತ್ತು ಶಿವಮೊಗ್ಗಕ್ಕೆ ಬರುವ ಅಂಥ ತಾಯಿಗೆ ಈ ಮಾತ್ರೆ ಬೇಕು.

ಬಹಳ ಕಡೆ ಇದರ ಜಾಗಕ್ಕೆ ಅಜಿತ್ರೋಮೈಸಿನ್ ಬಂದಿದೆ ಅನ್ನುವುದೂ ನಿಜ. ದಿನಕ್ಕೆ ಒಂದೇ ಸಲ ಸಾಕು, ಹೊಟ್ಟೆಗೆ ಹಗುರ. ಗೌಡ್ರಂಥವರಿಗೆ ಮುಖ್ಯವಾದ ವ್ಯತ್ಯಾಸ ಬೇರೆ. ಎರಿತ್ರೋಮೈಸಿನ್‌ನ ಅಣುವಿನ ಉಂಗುರದಲ್ಲಿ 14 ಪರಮಾಣು, ಅಜಿತ್ರೋಮೈಸಿನ್‌ನಲ್ಲಿ ಒಂದು ನೈಟ್ರೋಜನ್ ಸೇರಿ 15. ಇದು 3ಎ4 ಕಿಣ್ವವನ್ನು ಹೇಳಿಕೊಳ್ಳುವಷ್ಟು ತಡೆಯುವುದಿಲ್ಲ. ಥಿಯೋಫಿಲಿನ್ ವಿಷಯ ಗೊತ್ತಿದ್ದರೆ ಆ ವೈದ್ಯರು ಇದನ್ನೇ ಬರೆಯುತ್ತಿದ್ದರು. ಕ್ಲಾರಿತ್ರೋಮೈಸಿನ್ ಮಾತ್ರ ಹೆಸರಿಗೆ ಹೊಸದು, ಕಿಣ್ವ ತಡೆಯುವುದರಲ್ಲಿ ಅಣ್ಣನ ಹಾಗೇ. ಕ್ಯೂಟಿ ಉದ್ದವಾಗುವ ಭಯ ಮೂರರಲ್ಲೂ ಇದೆ.

ಥಿಯೋಫಿಲಿನ್ ಒಂದೇ ಅಲ್ಲ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ರಕ್ತ ತೆಳು ಮಾಡುವ ವಾರ್ಫರಿನ್ ಇವೆಲ್ಲ ಎರಿತ್ರೋಮೈಸಿನ್ ಜೊತೆ ಏರುತ್ತವೆ. ಟರ್ಫೆನಾಡಿನ್ ಎಂಬ ಅಲರ್ಜಿ ಮಾತ್ರೆ ಇಂಥ ಜೋಡಿಗಳಿಂದ ಹೃದಯದ ಲಯ ಕೆಡಿಸುತ್ತದೆಂದು ಗೊತ್ತಾಗಿ, 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದಲೇ ಹೊರಗೆ ಹೋಯಿತು.

ಮನೆಗೆ ಹೋದ ಮೇಲೆ

ಥಿಯೋಫಿಲಿನ್ ಮತ್ತೆ ಶುರು ಮಾಡಲಿಲ್ಲ. ಬೀಡಿ ಬಿಟ್ಟವರಿಗೆ ಹಳೆಯ ಡೋಸ್ ಹೇಗೂ ಜಾಸ್ತಿ. ಈ ಕಾಯಿಲೆಗೆ ಈಗ ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿಗಳೇ ಒಳ್ಳೆಯವು. "ಪಂಪ್ ಹಿಡಿದ್ರೆ ಸಾಯೋವರೆಗೂ ಬಿಡಕ್ಕಾಗಲ್ಲ" ಎಂದು ಗೌಡ್ರು ಹಟ ಹಿಡಿದರು. ಈ ಮಾತನ್ನು ನಮ್ಮ ಕಡೆ ವಾರಕ್ಕೊಮ್ಮೆಯಾದರೂ ಕೇಳುತ್ತೇವೆ. ಬಾಯಿಗೆ ತಗೊಳ್ಳುವ ಮಾತ್ರೆ ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಹೋಗುತ್ತದೆ, ಪಂಪ್ ನೇರ ಅಲ್ಲಿಗೇ ಹೋಗುತ್ತದೆ, ಡೋಸ್ ಮಿಲಿಗ್ರಾಂ ಲೆಕ್ಕದಲ್ಲಲ್ಲ, ಮೈಕ್ರೋಗ್ರಾಂ ಲೆಕ್ಕದಲ್ಲಿ ಎಂದು ವಿವರಿಸಿದೆ. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಸೊಸೆ. ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಹಾಕಿ ಎಳೆಯುವುದನ್ನು ಅವರೇ ಕಲಿತು ಮಾವನಿಗೆ ಕಲಿಸಿದರು.

ಉಳಿದದ್ದು ಪೆನಿಸಿಲಿನ್ ಅಲರ್ಜಿಯ ಪ್ರಶ್ನೆ. ನಲವತ್ತು ವರ್ಷದ ಹಿಂದಿನ ದದ್ದು. ಮುಖ ಊದಿರಲಿಲ್ಲ, ಉಸಿರು ಕಟ್ಟಿರಲಿಲ್ಲ. ಪೆನಿಸಿಲಿನ್ ಅಲರ್ಜಿ ಇದೆ ಎಂದು ಬರೆಸಿಕೊಂಡವರನ್ನು ಸರಿಯಾಗಿ ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಇರುವುದಿಲ್ಲ. ನಿಜವಾದ ಅಲರ್ಜಿಯೂ ವರ್ಷ ಕಳೆದಂತೆ ಬಹಳಷ್ಟು ಜನರಲ್ಲಿ ಹೋಗಿಬಿಡುತ್ತದೆ. ಆ ಒಂದು ಸಾಲು ಚೀಟಿಯಲ್ಲಿ ಇರುವವರೆಗೂ ಗೌಡ್ರಿಗೆ ಪ್ರತಿ ಸಲವೂ ಎರಡನೇ ಸಾಲಿನ ಔಷಧಿಯೇ. ಇದನ್ನು ಯಾರೂ ಮನೆಯಲ್ಲಿ ಸುಮ್ನೆ ತಿಂದು ನೋಡಬಾರದು. ತುರ್ತು ಔಷಧಿ ಕೈಯಲ್ಲಿಟ್ಟುಕೊಂಡು ಆಸ್ಪತ್ರೆಯಲ್ಲೇ ಮಾಡಬೇಕು.

ಅಡಿಕೆ ಕೊಯ್ಲು ಶುರುವಾಗುವ ಮೊದಲು ಅವರನ್ನು ಕರೆಸಿದೆವು. ಚರ್ಮದ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಆಮೇಲೆ ಅಮಾಕ್ಸಿಸಿಲಿನ್ ಮೊದಲು ಸ್ವಲ್ಪ, ಅರ್ಧ ಗಂಟೆ ಬಿಟ್ಟು ಪೂರ್ತಿ ಡೋಸ್ ಕೊಟ್ಟು ಮಧ್ಯಾಹ್ನದವರೆಗೆ ಕೂರಿಸಿಕೊಂಡೆವು. ದದ್ದು ಏಳಲಿಲ್ಲ, ನಾಡಿ 78, ಕೈ ಸ್ಥಿರ. ಬೀಡಿ ಮತ್ತೆ ಮುಟ್ಟಿಲ್ಲ ಎಂದು ಮಗ ಹೇಳಿದ. ಚೀಟಿಯಲ್ಲಿ ಪೆನಿಸಿಲಿನ್ ಅಲರ್ಜಿ ಎಂಬ ಸಾಲನ್ನು ಹೊಡೆದು, ಅಮಾಕ್ಸಿಸಿಲಿನ್ ಆಗುತ್ತದೆ ಎಂದು ತಾರೀಕು ಹಾಕಿ ಬರೆದೆವು. ಅದರ ಒಂದು ಪ್ರತಿ ಜುಲೈನಲ್ಲಿ ನೋಡಿದ ವೈದ್ಯರಿಗೆ, ಇನ್ನೊಂದು ಅವರು ಮಾತ್ರೆ ಕೊಳ್ಳುವ ಅಂಗಡಿಗೆ ಕಳಿಸಿದೆವು.